ಬೆನೆಡಿಕ್ಟೈನ್ ಮಠದ ಕರೆ ಇದೆಯಾ? ಕೊಡಗಿನಿಂದ ಹೊರಡುವವರಿಗೆ ಒಂದು ಮಾರ್ಗದರ್ಶಿ

ಕೊಡಗಿನಲ್ಲಿ ‘ಮೊನಾಸ್ಟರಿಗೆ ಹೋಗಬೇಕು’ ಅಂದರೆ ಆಟೋದವರು ಎರಡನೇ ಮಾತಿಲ್ಲದೆ ಕುಶಾಲನಗರ ದಾಟಿ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ಮುಂದೆ ಇಳಿಸುತ್ತಾರೆ. ಕ್ರೈಸ್ತರಲ್ಲೂ ಮಠದಲ್ಲಿ ಬಾಳುವ ಸನ್ಯಾಸಿಗಳಿದ್ದಾರೆ ಅನ್ನುವುದು ಇಲ್ಲಿನ ಎಷ್ಟೋ ಕಥೋಲಿಕರಿಗೇ ಹೊಸ ಸುದ್ದಿ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಶುರುವಾದದ್ದು 1792ರಲ್ಲಿ. ಅಂದಿನಿಂದ ನಾವು ಜಾಸ್ತಿ ನೋಡಿರುವುದು ಧರ್ಮಕೇಂದ್ರ ನಡೆಸುವ ಫಾದರ್‌ಗಳನ್ನು, ಶಾಲೆ-ಆಸ್ಪತ್ರೆ ನಡೆಸುವ ಸಿಸ್ಟರ್‌ಗಳನ್ನು. ಹಾಗಾಗಿ ಮಗನೋ ಮಗಳೋ ‘ನನಗೆ ದೈವಕರೆ ಇದೆ ಅನಿಸುತ್ತಿದೆ’ ಅಂದಾಗ ಮನೆಯವರಿಗೆ ಹೊಳೆಯುವುದು ಎರಡೇ ದಾರಿ. ಫಾದರ್ ಆಗಲು ಸೆಮಿನರಿ, ಇಲ್ಲಾ ಸಿಸ್ಟರ್ ಆಗಲು ಕಾನ್ವೆಂಟ್.

ಈ ಲೇಖನ ಮಠದ ದಾರಿ ಬಗ್ಗೆ ಯೋಚಿಸುತ್ತಿರುವವರಿಗೆ. ಪಿಯುಸಿ ಮುಗಿಸಿದ ಹುಡುಗ ಇರಬಹುದು, ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ವಾಪಸ್ ಬಂದ ಮೂವತ್ತರ ಹುಡುಗಿ ಇರಬಹುದು. ಕರೆ ಗಿರೆ ಏನೂ ಬೇಡ, ನಾಲ್ಕು ದಿನ ಮೌನವಾಗಿ ಇದ್ದು ಬಂದರೆ ಸಾಕು ಅನ್ನುವವರು ಇದರ ಮೊದಲ ಅರ್ಧ ಓದಿದರೆ ಆಯಿತು.

ಇದು ಎಂಥ ಬಾಳು ಅಂತ ಮೊದಲು ತಿಳಿದುಕೊಳ್ಳಿ

ಸಂತ ಬೆನೆಡಿಕ್ಟರು ಆರನೇ ಶತಮಾನದಲ್ಲಿ ಇಟಲಿಯ ಮಾಂಟೆ ಕಸಿನೋ ಬೆಟ್ಟದ ಮೇಲೆ ಮಠ ಕಟ್ಟಿದವರು. ತಮ್ಮ ಸನ್ಯಾಸಿಗಳಿಗಾಗಿ ಒಂದು ನಿಯಮ ಬರೆದಿಟ್ಟರು. ಒಂದು ಪೀಠಿಕೆ, 73 ಅಧ್ಯಾಯ. ಸಣ್ಣ ಪುಸ್ತಕ, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಅದರಲ್ಲಿ ದೊಡ್ಡ ದೊಡ್ಡ ತತ್ವಗಳಿಗಿಂತ ಜಾಸ್ತಿ ಇರುವುದು ಮನೆವಾರ್ತೆ. ಊಟಕ್ಕೆ ಎಷ್ಟು ಪಲ್ಯ, ಯಾರು ಯಾವ ವಾರ ಅಡುಗೆ, ಊಟದ ಹೊತ್ತಿನಲ್ಲಿ ಯಾರು ಓದಬೇಕು, ಪ್ರಾರ್ಥನೆಗೆ ತಡವಾಗಿ ಬಂದವನು ಎಲ್ಲಿ ನಿಲ್ಲಬೇಕು, ಬಾಗಿಲು ಕಾಯುವವನು ಎಂಥವನಿರಬೇಕು. ಇದನ್ನು ಓದಿ ಬೇಜಾರಾದರೆ ಬೇಗ ಗೊತ್ತಾದದ್ದು ಒಳ್ಳೆಯದೇ, ಯಾಕೆಂದರೆ ಅಲ್ಲಿನ ಬಾಳು ಹೆಚ್ಚುಕಡಿಮೆ ಇದೇ. ದಿನಕ್ಕೆ ಹಲವು ಸಲ ಗುಡಿಯಲ್ಲಿ ಸೇರಿ ಬೈಬಲಿನ ಕೀರ್ತನೆ ಹಾಡುವುದು, ನಡುವೆ ಕೈಕೆಲಸ, ಬೈಬಲನ್ನು ನಿಧಾನವಾಗಿ ಓದುವುದು, ರಾತ್ರಿಯ ಕೊನೆಯ ಪ್ರಾರ್ಥನೆಯಾದ ಮೇಲೆ ಮೌನ.

ಬೇರೆ ಸನ್ಯಾಸಿ ಸಭೆಗಳಿಗೂ ಬೆನೆಡಿಕ್ಟೈನರಿಗೂ ಇರುವ ದೊಡ್ಡ ವ್ಯತ್ಯಾಸ ವ್ರತಗಳಲ್ಲಿ ಕಾಣುತ್ತದೆ. ಇವರು ಕೊಡುವ ಮಾತು ಮೂರು: ಸ್ಥಿರತೆ, ಜೀವನ ಪರಿವರ್ತನೆ, ವಿಧೇಯತೆ. ಬ್ರಹ್ಮಚರ್ಯ, ಬಡತನ ಎರಡೂ ಆ ನಡುವಿನ ಮಾತಿನ ಒಳಗೇ ಬಂದುಬಿಡುತ್ತವೆ. ಸ್ಥಿರತೆ ಅಂದರೆ ಈ ಒಂದು ಮಠ, ಈ ಒಂದು ಗುಂಪು ಜನ, ಸಾಯುವ ತನಕ. ಜೆಸ್ವಿತರಲ್ಲೋ ಕಪುಚಿನರಲ್ಲೋ ಇರುವಂತೆ ಕೆಲವು ವರ್ಷಕ್ಕೊಮ್ಮೆ ಊರು ಬದಲಾಗುವುದಿಲ್ಲ. ಆದ್ದರಿಂದ ‘ನನಗೆ ಬೆನೆಡಿಕ್ಟೈನ್ ಕರೆ ಇದೆಯಾ’ ಅನ್ನುವ ಪ್ರಶ್ನೆ ಕೊನೆಗೆ ‘ಈ ಮನೆಯಲ್ಲಿ, ಈ ಜನರ ಜೊತೆ ನಾನು ಬಾಳಬಲ್ಲೆನಾ’ ಅನ್ನುವಲ್ಲಿಗೇ ಬಂದು ನಿಲ್ಲುತ್ತದೆ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಇನ್ನೊಂದು ವಿಷಯ. ಸನ್ಯಾಸಿ ಆಗುವುದು ಬೇರೆ, ಗುರುಪಟ್ಟ ಪಡೆದು ಫಾದರ್ ಆಗುವುದು ಬೇರೆ. ಮಠದಲ್ಲಿ ಕೆಲವರು ಗುರುಗಳು, ಕೆಲವರು ಬ್ರದರ್‌ಗಳು. ಪೂಜೆ ಅರ್ಪಿಸುವ ಆಸೆಯೇ ಮುಖ್ಯವಾಗಿದ್ದರೆ ಮೈಸೂರು ಧರ್ಮಕ್ಷೇತ್ರದ (ಬಿಷಪ್ಪರ ಆಡಳಿತ ಪ್ರದೇಶದ) ಸೆಮಿನರಿ ಬಗ್ಗೆ ಮೊದಲು ವಿಚಾರಿಸಿ. ಕೊಡಗು ಆ ಧರ್ಮಕ್ಷೇತ್ರಕ್ಕೇ ಸೇರಿದ್ದು.

ಬಸ್ ಹತ್ತುವ ಮೊದಲು ಮನೆಯಲ್ಲೇ ಒಂದು ತಿಂಗಳು

ಇದಕ್ಕೆ ದುಡ್ಡು ಬೇಡ, ಯಾರ ಅನುಮತಿಯೂ ಬೇಡ. ನಿಯಮದ 18ನೇ ಅಧ್ಯಾಯದಲ್ಲಿ ವಾರಕ್ಕೆ 150 ಕೀರ್ತನೆಗಳನ್ನೂ ಮುಗಿಸುವ ಲೆಕ್ಕ ಇದೆ. ಅಷ್ಟು ಬೇಡ. ಪ್ರತಿ ರಾತ್ರಿ ಮಲಗುವ ಮುಂಚಿನ ಪ್ರಾರ್ಥನೆಗೆ ಬೆನೆಡಿಕ್ಟರು ಗೊತ್ತುಮಾಡಿದ ಮೂರನ್ನು ಮಾತ್ರ ಹಿಡಿಯಿರಿ: 4, 91, 134. ವರ್ಷವಿಡೀ ಅವೇ ಮೂರು, ಬದಲಾವಣೆ ಇಲ್ಲ. ಕನ್ನಡ ಬೈಬಲಿನಲ್ಲಿ ಓದಿ, ಗಟ್ಟಿಯಾಗಿ, ನಿಧಾನವಾಗಿ. ಆಮೇಲೆ ಮೊಬೈಲ್ ಮುಟ್ಟಬೇಡಿ, ಮಾತೂ ಬೇಡ.

ಮೊದಲ ವಾರ ಚೆನ್ನಾಗಿರುತ್ತದೆ. ಎರಡನೇ ವಾರ ಬಾಯಿಪಾಠ ಆಗುತ್ತದೆ. ಮೂರನೇ ವಾರ ‘ಮತ್ತೆ ಅದೇನಾ’ ಅನಿಸುತ್ತದೆ. ಆಗ ಏನು ಮಾಡುತ್ತೀರಿ ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಠದ ಬಾಳಿನಲ್ಲಿ ಆ ಮೂರನೇ ವಾರವೇ ಜಾಸ್ತಿ.

ಅದೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ಪುಟ ಬೇಕು: ನಾನು ಯಾವುದರಿಂದ ದೂರ ಓಡುತ್ತಿದ್ದೇನೆ? ಮುರಿದುಬಿದ್ದ ಮದುವೆ ಮಾತುಕತೆ, ಕೈಕೊಟ್ಟ ಮೆಣಸಿನ ಬೆಳೆ, ತೀರದ ಸಾಲ, ಅಣ್ಣತಮ್ಮಂದಿರ ಪಾಲಿನ ಜಗಳ. ಇಂಥದ್ದು ಇದ್ದರೆ ಕರೆ ಸುಳ್ಳು ಅಂತ ಅರ್ಥವಲ್ಲ. ಆದರೆ ಅದು ಇದೆ ಅಂತ ನಿಮಗೂ ಗೊತ್ತಿರಬೇಕು, ನಿಮ್ಮನ್ನು ಸೇರಿಸಿಕೊಳ್ಳುವವರಿಗೂ ಗೊತ್ತಿರಬೇಕು. ಸಾಲದ ವಿಷಯ ಅಂತೂ ಕಥೋಲಿಕ ಧರ್ಮಸಭೆಯ ಕಾನೂನಿನಲ್ಲೇ ಇದೆ. ಸಾಲ ತೀರಿಸಲಾಗದವರನ್ನು ನವಸನ್ಯಾಸಕ್ಕೆ, ಅಂದರೆ ವ್ರತಕ್ಕೆ ಮುಂಚಿನ ತರಬೇತಿಗೆ, ಸೇರಿಸಿಕೊಳ್ಳಬಾರದು. ಗುರುತಿನವರಿಗೆ ಬ್ಯಾಂಕ್ ಜಾಮೀನು ಹಾಕಿದ್ದರೂ ಹೇಳಿಬಿಡಿ.

ಎಲ್ಲಿಗೆ ಹೋಗುವುದು

ಕೊಡಗಿನವರ ಕೈಗೆಟಕುವ ಕೆಲವು ಮನೆಗಳನ್ನಷ್ಟೇ ಹೇಳುತ್ತೇನೆ.

ದಕ್ಷಿಣ ಕೊಡಗಿನವರಿಗೆ ಹತ್ತಿರ ವಯನಾಡಿನ ಮಕ್ಕಿಯಾಡ್. ಗೋಣಿಕೊಪ್ಪ, ಕುಟ್ಟ, ತೋಲ್ಪೆಟ್ಟಿ ಮೂಲಕ ಮಾನಂತವಾಡಿಗೆ ಹೋಗಿ ಅಲ್ಲಿಂದ ಮುಂದೆ ಹೋಗಬೇಕು. ಇದು ಬೆನೆಡಿಕ್ಟೈನರಲ್ಲೇ ಸಿಲ್ವೆಸ್ಟ್ರೈನ್ ಶಾಖೆಯವರ ಮಠ. ಇಲ್ಲಿ ಒಂದು ಎಚ್ಚರಿಕೆ. ಮಕ್ಕಿಯಾಡಿನಲ್ಲಿ ಮಲಯಾಳಂ ಪ್ರಬೋಧನೆಯ ಧ್ಯಾನಕೇಂದ್ರವೂ ಇದೆ. ನಮ್ಮಲ್ಲಿ ಧ್ಯಾನಕೂಟ ಅಂದರೆ ಮೈಕು, ಹಾಡು, ಸಾಕ್ಷಿ, ನೂರಾರು ಜನ. ಅದಕ್ಕೂ ಅದರದ್ದೇ ಬೆಲೆ ಇದೆ. ಆದರೆ ಮಠದ ಬಾಳನ್ನು ಒಳಗಿಂದ ನೋಡಬೇಕು ಅನ್ನುವವರು ಫೋನಿನಲ್ಲೇ ಸ್ಪಷ್ಟವಾಗಿ ಹೇಳಿ: ‘ಧ್ಯಾನಕೂಟಕ್ಕಲ್ಲ, ಸನ್ಯಾಸಿಗಳ ಪ್ರಾರ್ಥನೆಯಲ್ಲಿ ಸೇರಿಕೊಂಡು ಕೆಲವು ದಿನ ಇರಬೇಕು.’

ಬೆಂಗಳೂರಿನ ಕೆಂಗೇರಿ ಹತ್ತಿರ ಆಶೀರ್ವನಂ ಇದೆ. ಬೆಲ್ಜಿಯಂನ ಸನ್ಯಾಸಿಗಳ ನಂಟಿನ, ತಮಿಳುನಾಡಿನ ಸೇಲಂ ಕಡೆ ಶುರುವಾದ ಮಠ ಅದು, 1950ರ ದಶಕದಲ್ಲಿ ಮೈಸೂರು ರಸ್ತೆಗೆ ಬಂತು. ಮಡಿಕೇರಿಯಿಂದ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಸ್ಯಾಟಲೈಟ್ ಬಸ್ ನಿಲ್ದಾಣದ ತನಕ ಹೋಗುವುದು ಬೇಡ, ಮೊದಲೇ ಇಳಿಯಬಹುದು. ಹೆಣ್ಣುಮಕ್ಕಳಿಗೆ ಬೆಂಗಳೂರಿನಲ್ಲೇ ಶಾಂತಿ ನಿಲಯಂ ಇದೆ. ಇಂಗ್ಲೆಂಡಿನ ರೈಡ್ ಮಠದಿಂದ ಬೆಳೆದ ಬೆನೆಡಿಕ್ಟೈನ್ ಸಿಸ್ಟರ್‌ಗಳ ಮಠ, ಪ್ರಾರ್ಥನೆಯೇ ಮುಖ್ಯ ಕೆಲಸ. ಶಾಲೆ, ಆಸ್ಪತ್ರೆಯ ಸಿಸ್ಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಆಶ್ಚರ್ಯ ಆಗುತ್ತದೆ.

ಇನ್ನೊಂದು ದೂರದ್ದು, ಆದರೂ ಕೊಡಗಿನವರಿಗೆ ಬೇರೆಯವರಿಗಿಂತ ಹತ್ತಿರದ್ದು. ತಮಿಳುನಾಡಿನ ಕುಳಿತ್ತಲೈ ಬಳಿಯ ಶಾಂತಿವನಂ. ತಲಕಾವೇರಿಯಿಂದ ಇಳಿದ ನಮ್ಮ ಕಾವೇರಿಯ ದಡದಲ್ಲೇ ಅದು ಇದೆ. 1950ರಲ್ಲಿ ಜೂಲ್ ಮೊನ್ಶನಾ ಮತ್ತು ಹೆನ್ರಿ ಲ ಸೊ ಅನ್ನುವ ಇಬ್ಬರು ಫ್ರೆಂಚ್ ಗುರುಗಳು ಕಟ್ಟಿದ ಆಶ್ರಮ. ಎರಡನೆಯವರನ್ನು ಸ್ವಾಮಿ ಅಭಿಷಿಕ್ತಾನಂದ ಅಂತಲೇ ಜನ ಬಲ್ಲರು. ಆಮೇಲೆ 1968ರಿಂದ ಇಂಗ್ಲಿಷ್ ಬೆನೆಡಿಕ್ಟೈನ್ ಬೀಡ್ ಗ್ರಿಫಿತ್ಸ್ ನಡೆಸಿದರು. ಈಗ ಕಮಲ್ಡೋಲಿ ಶಾಖೆಗೆ ಸೇರಿದೆ. ಕಾವಿ ಬಟ್ಟೆ, ಆರತಿ, ಸಂಸ್ಕೃತ ಮತ್ತು ತಮಿಳು ಹಾಡು, ನೆಲದ ಮೇಲೆ ಕೂತು ಪ್ರಾರ್ಥನೆ. ಕೆಲವರಿಗೆ ಇದು ಮನೆಗೆ ಬಂದಹಾಗೆ, ಕೆಲವರಿಗೆ ಕಸಿವಿಸಿ. ಕೊಡಗಿನಲ್ಲಿ ರೈಲಿಲ್ಲ. ಮೈಸೂರಿಗೆ ಹೋಗಿ ಈರೋಡ್, ಕರೂರು ಮೂಲಕ ತಿರುಚ್ಚಿ ಕಡೆ ಹೋಗುವ ರೈಲು ಹಿಡಿಯುವುದು ಸುಲಭ.

ಕೇರಳದ ವಾಗಮಣ್ ಬಳಿಯ ಕುರಿಸುಮಲೆಯನ್ನೂ ಜನ ಇದೇ ಪಟ್ಟಿಗೆ ಸೇರಿಸುತ್ತಾರೆ. ಅದು ಟ್ರಾಪಿಸ್ಟರದ್ದು, ಪೂಜಾಕ್ರಮ ಸಿರಿಯನ್ ಸಂಪ್ರದಾಯದ್ದು. ಬೆನೆಡಿಕ್ಟರ ನಿಯಮವನ್ನೇ ಪಾಲಿಸುತ್ತಾರೆ, ಕುಟುಂಬ ಬೇರೆ.

ಆದರೆ ಎಲ್ಲಾ ಕಡೆ ಸುತ್ತಬೇಡಿ. ಬೆನೆಡಿಕ್ಟರು ಮೊದಲ ಅಧ್ಯಾಯದಲ್ಲೇ ನಾಲ್ಕು ಬಗೆಯ ಸನ್ಯಾಸಿಗಳನ್ನು ಹೇಳುತ್ತಾರೆ. ಕೊನೆಯ ಬಗೆ ಊರೂರು ಅಲೆಯುವವರು. ಮೂರು ನಾಲ್ಕು ದಿನ ಒಂದು ಮಠದಲ್ಲಿ ಅತಿಥಿ, ಆಮೇಲೆ ಇನ್ನೊಂದು, ಎಲ್ಲೂ ನೆಲೆ ಇಲ್ಲ. ಇವರ ಮೇಲೆ ಅವರಿಗಿರುವ ಸಿಟ್ಟು ಓದಿದರೆ ನಗು ಬರುತ್ತದೆ. ಹೋಂಸ್ಟೇ ರಿವ್ಯೂ ಬರೆಯುವವರ ಹಾಗೆ ಒಂದೊಂದು ಮಠದ ಊಟ, ಹಾಡು, ನೋಟ ಹೋಲಿಸುತ್ತಾ ತಿರುಗುವವರನ್ನು ಇಂದೂ ನೋಡಬಹುದು. ಎರಡು ಮನೆ ನೋಡಿ, ಒಂದನ್ನು ಆರಿಸಿಕೊಳ್ಳಿ, ಅಲ್ಲಿಗೇ ಮತ್ತೆ ಮತ್ತೆ ಹೋಗಿ.

ಯಾವಾಗ ಹೋಗುವುದು, ಏನು ಬರೆಯುವುದು

ಕಾಫಿ ಕೊಯ್ಲು ಇರುವಾಗ ಹೊರಡಬೇಡಿ. ಡಿಸೆಂಬರಿನಿಂದ ಫೆಬ್ರವರಿ ತನಕ ಮನೆಯಲ್ಲಿ ಎಲ್ಲರ ಕೈಯೂ ತುಂಬಿರುತ್ತದೆ. ಆಗ ‘ನಾನು ಪ್ರಾರ್ಥನೆಗೆ ಹೋಗ್ತೀನಿ’ ಅಂದರೆ ಕರೆಯ ಬಗ್ಗೆ ಮನೆಯವರಿಗೆ ಹುಟ್ಟುವ ಮೊದಲ ಅಭಿಪ್ರಾಯವೇ ಕೆಡುತ್ತದೆ. ಈಸ್ಟರ್ ಮುಂಚಿನ ಪವಿತ್ರ ವಾರ, ಕ್ರಿಸ್ಮಸ್ ಹೊತ್ತಿನಲ್ಲಿ ಅತಿಥಿಗೃಹ ತುಂಬಿರಬಹುದು, ಹಬ್ಬದ ಮಠವನ್ನು ನೋಡಿ ದಿನನಿತ್ಯದ ಮಠವನ್ನು ಅಳೆಯಲೂ ಆಗುವುದಿಲ್ಲ. ನನ್ನ ಕೇಳಿದರೆ ಮಳೆಗಾಲ ಒಳ್ಳೆಯದು. ಜುಲೈ 11 ಸಂತ ಬೆನೆಡಿಕ್ಟರ ಹಬ್ಬ. ಅದು ಕಳೆದ ಮೇಲೆ ಒಂದು ಸಾಮಾನ್ಯ ವಾರ, ಸೋಮವಾರದಿಂದ ಶುಕ್ರವಾರ. ವಯನಾಡಿಗೆ ಹೋಗುವವರು ಮಾತ್ರ ಗುಡ್ಡ ಜರಿಯುವ ಮುನ್ಸೂಚನೆ ನೋಡಿಕೊಂಡೇ ಹೊರಡಿ. ನಾಗರಹೊಳೆ ಕಾಡಿನ ಒಳಗಿನ ರಸ್ತೆ ರಾತ್ರಿ ಮುಚ್ಚಿರುತ್ತದೆ, ಗೋಣಿಕೊಪ್ಪದ ದಾರಿ ಹಿಡಿಯಿರಿ.

ಮುಂಚೆ ತಿಳಿಸದೆ ಹೋಗಬಾರದು. ಅತಿಥಿಗಳನ್ನು ನೋಡಿಕೊಳ್ಳುವ ಗುರುಗಳಿಗೆ ಪತ್ರವೋ ಮಿಂಚಂಚೆಯೋ ಕಳಿಸಿ. ಉದ್ದ ಬೇಡ. ಹೆಸರು, ವಯಸ್ಸು, ಊರು, ಧರ್ಮಕೇಂದ್ರ, ಯಾವ ದಿನಗಳು, ಯಾಕೆ ಬರುತ್ತಿದ್ದೀರಿ. ಕರೆಯ ಬಗ್ಗೆ ಯೋಚಿಸುತ್ತಿದ್ದರೆ ಅದನ್ನೂ ಬರೆಯಿರಿ, ಆಗ ಯಾರಾದರೂ ನಿಮ್ಮ ಜೊತೆ ಕೂತು ಮಾತಾಡಲು ಸಮಯ ಇಟ್ಟುಕೊಳ್ಳುತ್ತಾರೆ. ಯಾವ ಭಾಷೆಯಲ್ಲಿ ಪ್ರಾರ್ಥನೆ, ಹೆಣ್ಣುಮಕ್ಕಳು ಉಳಿಯಲು ವ್ಯವಸ್ಥೆ ಇದೆಯಾ, ಎಷ್ಟು ಕಾಣಿಕೆ ಕೊಡುವುದು ವಾಡಿಕೆ, ಈ ಮೂರನ್ನೂ ಕೇಳಿಬಿಡಿ. ದುಡ್ಡಿನ ಪ್ರಶ್ನೆ ಕೇಳಲು ಸಂಕೋಚ ಬೇಡ. ಕಷ್ಟ ಇದ್ದರೆ ಅದನ್ನೂ ಹೇಳಿ. ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕು ಅನ್ನುವುದು ನಿಯಮದ 53ನೇ ಅಧ್ಯಾಯ.

ಸಂಜೆ ಪ್ರಾರ್ಥನೆಗೆ ಮುಂಚೆ ತಲುಪುವ ಹಾಗೆ ಹೊರಡಿ. ರಾತ್ರಿ ಮೌನ ಶುರುವಾದ ಮೇಲೆ ಬಾಗಿಲು ತಟ್ಟುವುದು ಇಬ್ಬರಿಗೂ ಕಷ್ಟ.

ಅಲ್ಲಿದ್ದಾಗ

ಬೈಬಲ್, ನೋಟ್‌ಬುಕ್, ಟಾರ್ಚ್, ಬೆಚ್ಚನೆಯ ಬಟ್ಟೆ, ದಿನನಿತ್ಯದ ಔಷಧಿ. ಇಷ್ಟು ಸಾಕು. ಓದಲು ಆರು ಪುಸ್ತಕ ಹೊತ್ತುಕೊಂಡು ಹೋಗಬೇಡಿ.

ಎಲ್ಲಾ ಪ್ರಾರ್ಥನೆಗೂ ಹೋಗಿ, ಬೆಳಗಿನ ಜಾವದ್ದಕ್ಕೂ. ಕೀರ್ತನೆಗಳನ್ನು ಎರಡು ಸಾಲಾಗಿ ಕೂತು ಒಂದೊಂದು ಚರಣ ಹಂಚಿಕೊಂಡು ಹೇಳುವುದು ವಾಡಿಕೆ. ನಡುವೆ ಸಣ್ಣ ನಿಲುಗಡೆ ಇರುತ್ತದೆ. ಹೊಸಬರು ಅಲ್ಲೇ ಮುಗ್ಗರಿಸುವುದು, ಅವರ ದನಿ ಮಾತ್ರ ಮುಂದೆ ಓಡುತ್ತದೆ. ಗಟ್ಟಿದನಿ ಬೇಡ, ಪಕ್ಕದವರನ್ನು ಕೇಳಿಸಿಕೊಂಡು ಸೇರಿಕೊಳ್ಳಿ.

ಕೆಲಸ ಕೇಳಿ ಪಡೆಯಿರಿ. ಇದನ್ನು ಒತ್ತಿ ಹೇಳುತ್ತೇನೆ. ಪಾತ್ರೆ ತೊಳೆಯುವುದು, ಕಳೆ ಕೀಳುವುದು, ದನದ ಕೊಟ್ಟಿಗೆ, ತರಕಾರಿ ಹೆಚ್ಚುವುದು, ಏನಿದ್ದರೂ. ಗುಡಿಯಲ್ಲಿ ಎಲ್ಲರೂ ಪುಣ್ಯಾತ್ಮರ ಹಾಗೇ ಕಾಣುತ್ತಾರೆ. ಅಡುಗೆಮನೆಯಲ್ಲಿ ನಿಂತರೆ ಆ ಮನೆಯ ಜನ ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ, ಮುದುಕರಾದ ಸನ್ಯಾಸಿಗಳನ್ನು ಯಾರು ನೋಡಿಕೊಳ್ಳುತ್ತಾರೆ, ತಪ್ಪಾದಾಗ ಏನಾಗುತ್ತದೆ, ಎಲ್ಲ ಗೊತ್ತಾಗುತ್ತದೆ. ತೋಟದ ಕೆಲಸ ಗೊತ್ತಿರುವ ಕೊಡಗಿನವರಿಗೆ ಇಲ್ಲೊಂದು ಲಾಭ, ಒಂದು ಅಪಾಯ. ಕತ್ತಿ ಹಿಡಿದ ಕೂಡಲೇ ‘ಈ ಮೆಣಸಿನ ಬಳ್ಳಿಗೆ ಹೀಗೆ ಮಾಡಬೇಕಿತ್ತು’ ಅಂತ ಬಾಯಿ ಬರುತ್ತದೆ. ಹೊರಗಿಂದ ಬಂದ ಸನ್ಯಾಸಿ ವಿನಯದಿಂದ ತಪ್ಪು ತೋರಿಸಿದರೆ ಮಠಾಧಿಪತಿ ಯೋಚಿಸಬೇಕು, ದೇವರು ಅದಕ್ಕೇ ಅವನನ್ನು ಕಳಿಸಿರಬಹುದು ಅಂತ ನಿಯಮ ಹೇಳುತ್ತದೆ ನಿಜ. ಅದು 61ನೇ ಅಧ್ಯಾಯ. ನೀವು ಇನ್ನೂ ಮೊದಲ ದಿನದಲ್ಲಿದ್ದೀರಿ, ಅಲ್ವಾ?

ದಿನಕ್ಕೊಮ್ಮೆ, ಒಂದು ಗಂಟೆ, ಬೈಬಲಿನ ಒಂದು ಸಣ್ಣ ಭಾಗ ಇಟ್ಟುಕೊಳ್ಳಿ. ಓದಿ, ತಡೆದ ಮಾತಿನ ಹತ್ತಿರ ನಿಲ್ಲಿ, ಅದನ್ನೇ ಮೆಲುಕು ಹಾಕಿ, ಅದರಿಂದ ಪ್ರಾರ್ಥಿಸಿ, ಆಮೇಲೆ ಸುಮ್ಮನಿರಿ. ಪುಟ ಮುಗಿಸುವ ಆತುರ ಬೇಡ.

ಎರಡನೇ ಅಥವಾ ಮೂರನೇ ದಿನ ವಿಪರೀತ ಬೇಸರವೋ, ಮನೆಯ ನೆನಪೋ, ಕಾರಣವಿಲ್ಲದ ಅಳುವೋ ಬರಬಹುದು. ಅದಕ್ಕೇ ವಾಪಸ್ ಬಸ್ ಹತ್ತಬೇಡಿ. ಹಾಗೇ, ಮೊದಲ ಸಂಜೆಯ ಹಾಡು ಕೇಳಿ ಕಣ್ಣು ತುಂಬಿತು ಅಂತ ‘ಇದೇ ನನ್ನ ಕರೆ’ ಅಂತ ಮನೆಗೆ ಫೋನ್ ಮಾಡುವುದೂ ಬೇಡ. ಎರಡನ್ನೂ ಬರೆದಿಟ್ಟುಕೊಳ್ಳಿ, ಹೊರಡುವ ಮುಂಚೆ ಅಲ್ಲಿನ ಒಬ್ಬರ ಜೊತೆ ಮಾತಾಡಿ. ನಿಯಮದ 58ನೇ ಅಧ್ಯಾಯದಲ್ಲಿ ಹೊಸಬರನ್ನು ನೋಡಿಕೊಳ್ಳುವವರು ಗಮನಿಸಬೇಕಾದದ್ದು ಏನು ಅಂತ ಇದೆ: ನಿಜವಾಗಿ ದೇವರನ್ನು ಹುಡುಕುತ್ತಿದ್ದಾನಾ, ಪ್ರಾರ್ಥನೆಯಲ್ಲಿ, ವಿಧೇಯತೆಯಲ್ಲಿ, ತನ್ನನ್ನು ಕೆಳಗಿಳಿಸುವ ಸಂದರ್ಭಗಳಲ್ಲಿ ಉತ್ಸಾಹ ಇದೆಯಾ. ಆ ಕೊನೆಯದನ್ನು ಪಾತ್ರೆ ತೊಳೆಯುವಾಗ ನೀವೇ ಪರೀಕ್ಷಿಸಿಕೊಳ್ಳಬಹುದು.

ವಾಪಸ್ ಬಂದ ಮೇಲೆ

ಕೆಲವು ವಾರ ಏನೂ ನಿರ್ಧಾರ ಮಾಡಬೇಡಿ. ಆಸೆ ಉಳಿಯುತ್ತದಾ ನೋಡಿ. ಉಳಿದರೆ ಮತ್ತೆ ಅದೇ ಮನೆಗೆ, ಇನ್ನೂ ಜಾಸ್ತಿ ದಿನಕ್ಕೆ.

ಇಷ್ಟರಲ್ಲಿ ಒಬ್ಬ ಆತ್ಮಿಕ ಮಾರ್ಗದರ್ಶಿ ಬೇಕು. ನಿಮ್ಮ ಧರ್ಮಕೇಂದ್ರದ ಗುರುಗಳಾಗಬಹುದು, ಒಬ್ಬ ಹಿರಿಯ ಸಿಸ್ಟರ್ ಆಗಬಹುದು. ನೀವು ಸೇರಬೇಕೆಂದಿರುವ ಮಠದವರೇ ಆಗದಿದ್ದರೆ ಒಳ್ಳೆಯದು, ಅವರಿಗೆ ನಿಮ್ಮನ್ನು ಒಪ್ಪುವ, ಬಿಡುವ ಜವಾಬ್ದಾರಿ ಇರುತ್ತದೆ.

ಮನೆಯವರ ಜೊತೆಗಿನ ಮಾತು ಕಷ್ಟದ್ದು. ಒಬ್ಬನೇ ಮಗ, ಹತ್ತೆಕರೆ ತೋಟ, ವಯಸ್ಸಾದ ಅಪ್ಪ. ಇಲ್ಲಾ ಲೈನ್ ಮನೆಯಲ್ಲಿ ಬೆಳೆದು ಓದಿ ಮೊದಲ ಸಂಬಳ ತರುತ್ತಿರುವ ಮಗಳು. ‘ದೇವರ ಕರೆ’ ಅನ್ನುವ ಮಾತಿನಿಂದ ಅವರ ಬಾಯಿ ಮುಚ್ಚಿಸಬೇಡಿ. ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದಕ್ಕೆ ನಿಮ್ಮ ಹತ್ತಿರ ನಿಜವಾದ ಉತ್ತರ ಇರಬೇಕು. ಸಾಧ್ಯವಾದರೆ ಅವರನ್ನೂ ಒಂದು ದಿನ ಮಠಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಮಾಡುವ ಊಟ, ಕಾಣುವ ಮುಖಗಳು ನಿಮ್ಮ ವಾದಕ್ಕಿಂತ ಚೆನ್ನಾಗಿ ಮಾತಾಡುತ್ತವೆ.

ಆಸ್ತಿಯ ವಿಷಯಕ್ಕೆ ಅವಸರ ಇಲ್ಲ. ಮೊದಲ ವ್ರತಕ್ಕೆ ಮುಂಚೆ ಆಸ್ತಿಯ ಉಸ್ತುವಾರಿ ಬೇರೆಯವರಿಗೆ ಕೊಡಬೇಕು, ಕಡೇಪಕ್ಷ ನಿತ್ಯವ್ರತಕ್ಕೆ (ಸಾಯುವ ತನಕದ ವ್ರತಕ್ಕೆ) ಮುಂಚೆ ಉಯಿಲು ಬರೆಯಬೇಕು. ಅಲ್ಲಿಯ ತನಕ ಪಾಲು ಬಿಟ್ಟುಕೊಡುವ ಕಾಗದಕ್ಕೆ ಯಾರು ಹೇಳಿದರೂ ಸಹಿ ಹಾಕಬೇಡಿ, ಪ್ರೀತಿಯ ಅಣ್ಣನೇ ಹೇಳಿದರೂ.

ಸೇರುವುದಾದರೆ ಮುಂದೇನು

ಬೆನೆಡಿಕ್ಟರ ಕಾಲದಲ್ಲಿ ಸೇರಲು ಬಂದವನನ್ನು ನಾಲ್ಕೈದು ದಿನ ಬಾಗಿಲಲ್ಲೇ ಕಾಯಿಸುತ್ತಿದ್ದರು. ಆಮೇಲೆ ಒಂದು ವರ್ಷದಲ್ಲಿ ಮೂರು ಸಲ ಅವನಿಗೆ ಇಡೀ ನಿಯಮವನ್ನು ಓದಿ ಹೇಳುತ್ತಿದ್ದರು: ಎರಡು ತಿಂಗಳಾದ ಮೇಲೆ, ಮತ್ತೆ ಆರು ತಿಂಗಳಿಗೆ, ಮತ್ತೆ ನಾಲ್ಕು ತಿಂಗಳಿಗೆ. ಇಷ್ಟವಿದ್ದರೆ ಇರು, ಇಲ್ಲದಿದ್ದರೆ ಹೋಗಲು ನೀನು ಸ್ವತಂತ್ರ ಅನ್ನುವುದು ಅದರ ಧಾಟಿ.

ಈಗಲೂ ನಿಧಾನವೇ. ನವಸನ್ಯಾಸಕ್ಕೆ 17 ವರ್ಷ ತುಂಬಿರಬೇಕು. ಅದಕ್ಕೂ ಮುಂಚೆ ಮಠದಲ್ಲಿ ಅಭ್ಯರ್ಥಿಯಾಗಿ ಕೆಲವು ಕಾಲ ಇರಬೇಕಾಗುತ್ತದೆ. ನವಸನ್ಯಾಸ ಕನಿಷ್ಠ 12 ತಿಂಗಳು. ಆಮೇಲೆ ತಾತ್ಕಾಲಿಕ ವ್ರತ, ಕನಿಷ್ಠ 3 ವರ್ಷ. ನಿತ್ಯವ್ರತಕ್ಕೆ 21 ತುಂಬಿರಬೇಕು. ಪ್ರಾರ್ಥನಾ ಜೀವನದ ಹೆಣ್ಣುಮಕ್ಕಳ ಮಠಗಳಿಗೆ 2018ರಲ್ಲಿ ರೋಮ್ ಕೊಟ್ಟ ಸೂಚನೆಯ ಪ್ರಕಾರ ಇದು ಇನ್ನೂ ಉದ್ದ. ಒಳಗೆ ಬಂದ ದಿನದಿಂದ ನಿತ್ಯವ್ರತಕ್ಕೆ ಒಟ್ಟು ಕನಿಷ್ಠ 9 ವರ್ಷ.

ಕಾಗದಪತ್ರ: ದೀಕ್ಷಾಸ್ನಾನ ಮತ್ತು ದೃಢೀಕರಣದ ಪ್ರಮಾಣಪತ್ರ, ಮದುವೆಯ ಬಂಧನವಿಲ್ಲ ಅನ್ನುವುದಕ್ಕೆ ಪತ್ರ. ಓದಿನ ದಾಖಲೆ, ಡಾಕ್ಟರ್ ವರದಿ ಕೂಡ ಕೇಳುತ್ತಾರೆ. ದೀಕ್ಷಾಸ್ನಾನ ಆದದ್ದು ಬೇರೆ ಊರಿನಲ್ಲಾದರೆ ಅಲ್ಲಿನ ಚರ್ಚಿಗೇ ಬರೆಯಬೇಕು. ಕೆಲಸಕ್ಕೆಂದು ತೋಟದಿಂದ ತೋಟಕ್ಕೆ ಹೋದ ಕುಟುಂಬಗಳಲ್ಲಿ ಇದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಈಗಲೇ ಹುಡುಕಲು ಶುರುಮಾಡಿ.

ನಡುವೆ ಬಿಟ್ಟು ಬಂದರೆ? ಬರುತ್ತಾರೆ, ಅನೇಕರು. ಊರಿನಲ್ಲಿ ನಾಲ್ಕು ಮಾತು ಬರುತ್ತದೆ, ಮದುವೆ ಮನೆಗಳಲ್ಲಿ ಪ್ರಶ್ನೆ ಬರುತ್ತದೆ. ಆದರೆ ನವಸನ್ಯಾಸ, ತಾತ್ಕಾಲಿಕ ವ್ರತ ಅಂತ ಮೆಟ್ಟಿಲು ಇಟ್ಟಿರುವುದೇ ನೋಡಿ ಹಿಂದಿರುಗಲು. ಬಿಟ್ಟು ಹೋದ ಸನ್ಯಾಸಿ ತಿದ್ದಿಕೊಂಡು ಬಂದರೆ ಮತ್ತೆ ಸೇರಿಸಿಕೊಳ್ಳಿ, ಮೂರನೇ ಸಲದ ತನಕ ಅಂತ ಬೆನೆಡಿಕ್ಟರೇ 29ನೇ ಅಧ್ಯಾಯದಲ್ಲಿ ಬರೆದಿದ್ದಾರೆ.

ಮದುವೆಯಾದವರಿಗೆ, ತೋಟ ಬಿಡಲಾಗದವರಿಗೆ, ಸನ್ಯಾಸ ನನ್ನದಲ್ಲ ಅಂತ ಗೊತ್ತಾದವರಿಗೆ ಒಬ್ಲೇಟ್ ಅನ್ನುವ ದಾರಿ ಇದೆ. ಗಂಡಸರೂ ಹೆಂಗಸರೂ ತಮ್ಮ ಮನೆಯಲ್ಲೇ ಇದ್ದುಕೊಂಡು ಒಂದು ಮಠಕ್ಕೆ ಸೇರಿದವರಾಗುತ್ತಾರೆ, ನಿಯಮವನ್ನು ತಮ್ಮ ಬಾಳಿಗೆ ಹೊಂದುವಷ್ಟು ಪಾಲಿಸುತ್ತಾರೆ. ಇದಕ್ಕೂ ಒಂದು ತರಬೇತಿ ಕಾಲ ಇರುತ್ತದೆ. ನೀವು ಹೋಗಿಬಂದ ಮಠದಲ್ಲಿ ಒಬ್ಲೇಟ್‌ಗಳಿದ್ದಾರಾ, ಅವರನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಅತಿಥಿಗೃಹದ ಗುರುಗಳನ್ನೇ ಕೇಳಿ. ಇದ್ದರೆ ಮುಂದಿನ ಪತ್ರ ಅವರಿಗೆ ಬರೆಯಿರಿ.